ತಪ್ಪು ರಕ್ತ ಏರಿಸಿದರೆ ಕೇಸ್ ಗೆದ್ದ ಹಾಗೇನಾ? ನಾನು ಎಡವಿದ ಜಾಗದ ಟಿಪ್ಪಣಿ

ಕಾನೂನಿನ ಮಾದರಿ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬಂದಿತ್ತು. ಎ ಪಾಸಿಟಿವ್ ರೋಗಿಗೆ ಪಕ್ಕದ ಹಾಸಿಗೆಯವರಿಗೆಂದು ತಂದ ಓ ಪಾಸಿಟಿವ್ ಕೆಂಪುಕಣದ ಚೀಲ ಏರಿಸಿದ್ದಾರೆ. ರೋಗಿಗೆ ಏನೂ ಆಗಲಿಲ್ಲ. ಪರಿಹಾರ ಸಿಗುತ್ತದೆಯೇ? ನಾನು "ಖಂಡಿತ" ಅಂತ ಎರಡು ಪುಟ ಬರೆದೆ. ಸೊನ್ನೆ ಬಂತು. ಯಾಕೆ ಅಂತ ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಿರ್ಲಕ್ಷ್ಯದ ಯಾವುದೇ ದಾವೆಗೆ ನಾನು ನೆನಪಿಟ್ಟುಕೊಂಡಿರುವ ಸೂತ್ರ: ಹೊಣೆ (ಎಚ್ಚರದಿಂದ ನೋಡಿಕೊಳ್ಳುವ ಕರ್ತವ್ಯ), ತಪ್ಪು, ಕೊಂಡಿ (ತಪ್ಪಿಗೂ ನಷ್ಟಕ್ಕೂ ಇರುವ ನಂಟು), ನಷ್ಟ. ನಾಲ್ಕೂ ಬೇಕು. ಮೂರಿದ್ದು ಒಂದು ಇಲ್ಲದಿದ್ದರೂ ದಾವೆ ಬಿದ್ದುಹೋಗುತ್ತದೆ.

ಹೊಣೆ ಬಗ್ಗೆ ಹೇಳುವುದೇನಿಲ್ಲ. ರೋಗಿ ದಾಖಲಾದ ಮೇಲೆ ಹೊಣೆ ಬಂತು.

ತಪ್ಪು

ಚಿಕಿತ್ಸೆಯ ಆಯ್ಕೆಯಲ್ಲಿ ಜಗಳ ಬಂದರೆ ವೈದ್ಯರ ಕಡೆಯವರು ಇಂಗ್ಲೆಂಡಿನ 1957ರ ಬೋಲಮ್ ತೀರ್ಪನ್ನು ಹಿಡಿದುಕೊಳ್ಳುತ್ತಾರೆ. ಜವಾಬ್ದಾರಿಯುತ ವೈದ್ಯರ ಒಂದು ಬಳಗ ಸರಿ ಅನ್ನುವ ಹಾಗೆ ನಡೆದುಕೊಂಡಿದ್ದರೆ ಅದು ನಿರ್ಲಕ್ಷ್ಯವಲ್ಲ ಅನ್ನುವುದು ಅದರ ಸಾರ. ಆದರೆ ಚೀಲದ ಚೀಟಿಯನ್ನೂ ಕೈಪಟ್ಟಿಯನ್ನೂ ತಾಳೆ ನೋಡದೇ ಇರುವುದು ಸರಿ ಅನ್ನುವ ವೈದ್ಯರ ಬಳಗ ಎಲ್ಲಿದೆ? ಹಾಗಾಗಿ ಇಲ್ಲಿ ಬೋಲಮ್ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ.

ತಪ್ಪು ಲ್ಯಾಬಿನಲ್ಲೇ ಆಗಿರುತ್ತದೆ ಅಂದುಕೊಂಡಿದ್ದೆ. ಎಷ್ಟೋ ಸಲ ಅದು ಹಾಸಿಗೆಯ ಪಕ್ಕದಲ್ಲೇ ಆಗಿರುತ್ತದೆ. ರಕ್ತ ತೆಗೆದ ಟ್ಯೂಬಿಗೆ ಅಲ್ಲೇ ಚೀಟಿ ಅಂಟಿಸದೆ, ಆಮೇಲೆ ಮೇಜಿನ ಹತ್ತಿರ ಹೋಗಿ ಅಂಟಿಸಿದರೆ ಹೆಸರು ಅದಲುಬದಲಾಗಬಹುದು. ಆಗ ಲ್ಯಾಬ್ ಕ್ರಾಸ್‌ಮ್ಯಾಚ್ (ರೋಗಿಯ ರಕ್ತಕ್ಕೆ ಚೀಲದ ರಕ್ತ ಹೊಂದುತ್ತದೆಯೇ ಅನ್ನುವ ಪರೀಕ್ಷೆ) ಅನ್ನು ಎಷ್ಟೇ ಸರಿಯಾಗಿ ಮಾಡಿದರೂ, ಮಾಡಿದ್ದು ಬೇರೆಯವರ ರಕ್ತಕ್ಕೆ! ಇನ್ನೊಂದು, "ನೀವು ಇಂಥವರು ತಾನೇ?" ಅಂತ ಕೇಳುವುದು. ಅರೆನಿದ್ದೆಯಲ್ಲಿರುವವರು ಯಾವ ಹೆಸರಿಗೂ "ಹೂಂ" ಅಂದುಬಿಡುತ್ತಾರೆ. "ನಿಮ್ಮ ಹೆಸರೇನು?" ಅಂತಲೇ ಕೇಳಬೇಕು.

ಕೊಂಡಿ (ನಾನು ಬಿದ್ದದ್ದು ಇಲ್ಲೇ)

ತಪ್ಪು ಸಾಬೀತಾಯಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಆ ತಪ್ಪಿನಿಂದಲೇ ಕೇಡಾಯಿತು ಅಂತ ತೋರಿಸಬೇಕು. ಕೇಳಿಕೊಳ್ಳಬೇಕಾದ ಪ್ರಶ್ನೆ: ಆ ತಪ್ಪು ಆಗದೇ ಇದ್ದಿದ್ದರೆ ಈ ಕೇಡು ತಪ್ಪುತ್ತಿತ್ತೇ?

ಇಂಗ್ಲೆಂಡಿನ 1968ರ ಬಾರ್ನೆಟ್ ಪ್ರಕರಣ ಓದಿದಾಗ ನನಗೆ ಬೆಳಕಾಯಿತು. ರಾತ್ರಿ ಕಾವಲುಗಾರರೊಬ್ಬರು ಚಹಾ ಕುಡಿದು ವಾಂತಿ ಶುರುವಾಗಿ ಆಸ್ಪತ್ರೆಗೆ ಬಂದರು. ವೈದ್ಯರು ನೋಡಲೇ ಇಲ್ಲ, ಮನೆಗೆ ಕಳಿಸಿದರು. ಅವರು ತೀರಿಕೊಂಡರು. ಚಹಾದಲ್ಲಿ ಆರ್ಸೆನಿಕ್ ಇತ್ತು. ವೈದ್ಯರು ತಪ್ಪು ಮಾಡಿದ್ದು ನಿಜ. ಆದರೆ ನೋಡಿದ್ದರೂ ಅಷ್ಟರೊಳಗೆ ಅವರನ್ನು ಉಳಿಸಲು ಆಗುತ್ತಿರಲಿಲ್ಲ ಅಂತ ದಾವೆ ಬಿದ್ದುಹೋಯಿತು.

ಈಗ ರಕ್ತಕ್ಕೆ ಬನ್ನಿ. ಭಾರತದ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಟ್ಟ ಚಂಡೀಗಢದ ಪಿಜಿಐ ಆಸ್ಪತ್ರೆಯ ಪ್ರಕರಣ. ಸುಟ್ಟ ಗಾಯಗಳಿದ್ದ ಎ ಪಾಸಿಟಿವ್ ಮಹಿಳೆಗೆ 1996ರಲ್ಲಿ ಬಿ ಪಾಸಿಟಿವ್ ರಕ್ತ ಕೊಟ್ಟಿದ್ದರು, ಅದೂ ಎರಡು ಸಲ. ಆಸ್ಪತ್ರೆಯ ವಾದ ಪೂರ್ತಿ ಕೊಂಡಿಯ ಮೇಲೇ ನಿಂತಿತ್ತು: ಆಮೇಲೆ ಸುಮಾರು 40 ದಿನ ಬದುಕಿದ್ದರಲ್ಲ, ಸಾವು ಸುಟ್ಟ ಗಾಯದ ನಂಜಿನಿಂದ. ಕೋರ್ಟ್ ಒಪ್ಪಲಿಲ್ಲ. ಸಾಮಾನ್ಯ ಎಚ್ಚರ ಇರುವ ಯಾವ ಆಸ್ಪತ್ರೆಯೂ ಮಾಡದ ತಪ್ಪಿದು, ವೃತ್ತಿಪರ ತೀರ್ಮಾನದಲ್ಲಾದ ಎಡವಟ್ಟು ಅಲ್ಲ ಅಂದಿತು.

ಹಾಗಾದರೆ ನನ್ನ ಪ್ರಶ್ನೆಯಲ್ಲಿ ಯಾಕೆ ಸೊನ್ನೆ? ಉತ್ತರ ಜೀವಶಾಸ್ತ್ರದಲ್ಲಿದೆ. ಎ ಗುಂಪಿನವರ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) ಬಿ ವಿರುದ್ಧದ ಪ್ರತಿಕಾಯ (ಹೊರಗಿನ ಕಣವನ್ನು ಗುರುತು ನೋಡಿ ಹಿಡಿಯುವ ಪ್ರೋಟೀನ್) ಮೊದಲೇ ಕಾದು ಕೂತಿರುತ್ತದೆ. ಬಿ ಕಣ ಒಳಗೆ ಬಂದರೆ ರಕ್ತನಾಳದಲ್ಲೇ ಒಡೆಯುತ್ತದೆ. ಕೆಲವೇ ಮಿಲಿಲೀಟರ್ ಸಾಕು. ಚಳಿಜ್ವರ, ಸೊಂಟ ನೋವು, ಕೆಂಪು ಮೂತ್ರ, ಬಿಪಿ ಇಳಿಯುವುದು, ಮೂತ್ರಪಿಂಡಕ್ಕೆ ಪೆಟ್ಟು. ಓ ಕಣದ ಮೇಲೆ ಎ, ಬಿ ಎರಡೂ ಗುರುತಿಲ್ಲ. ಪ್ರತಿಕಾಯಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ತಪ್ಪಾಯಿತು, ನಷ್ಟವಾಗಲಿಲ್ಲ, ಹಾಗಾಗಿ ಎರಡನ್ನೂ ಜೋಡಿಸುವ ಕೊಂಡಿಯೂ ಇಲ್ಲ. ಶಿಸ್ತು ಕ್ರಮ ಬೇರೆ ವಿಷಯ, ಪರಿಹಾರ ಕಷ್ಟ. (ಇದು ಕೆಂಪುಕಣದ ಲೆಕ್ಕ. ಪ್ಲಾಸ್ಮಾ ಕೊಡುವಾಗ ಎಲ್ಲ ತಿರುಗುಮುರುಗು, ಅಲ್ಲಿ ಎಬಿ ಎಲ್ಲರಿಗೂ ಆಗುತ್ತದೆ. ನಾನು ಇದನ್ನೂ ಒಮ್ಮೆ ಕಲಸಿಕೊಂಡಿದ್ದೆ.)

ಕೊಂಡಿಗೆ ಸಾಕ್ಷಿ ಎಲ್ಲಿ ಹುಡುಕಬೇಕು? ಉಳಿದ ಚೀಲ, ಅದರ ಚೀಟಿ, ರಕ್ತ ಏರಿಸುವ ಮುಂಚಿನ ಮತ್ತು ನಂತರದ ಹಿಮೋಗ್ಲೋಬಿನ್, ಡೈರೆಕ್ಟ್ ಕೂಂಬ್ಸ್ ಪರೀಕ್ಷೆಯ (ಕೆಂಪುಕಣಕ್ಕೆ ಪ್ರತಿಕಾಯ ಅಂಟಿದೆಯೇ ಅಂತ ನೋಡುವುದು) ಫಲಿತಾಂಶ, ಮೊದಲ 15 ನಿಮಿಷದ ನಾಡಿ, ಜ್ವರ, ಬಿಪಿ ದಾಖಲೆ. ಶಸ್ತ್ರಚಿಕಿತ್ಸೆ ನಡೆಯುತ್ತಿದ್ದರೆ ಅರಿವಳಿಕೆಯಲ್ಲಿರುವವರು ಸೊಂಟ ನೋಯುತ್ತದೆ ಅಂತ ಹೇಳುವುದೆಲ್ಲಿ? ಆಗ ಕಾಣುವುದು ಇಳಿದ ಬಿಪಿ, ನಿಲ್ಲದ ರಕ್ತಸ್ರಾವ, ಕೆಂಪು ಮೂತ್ರ ಅಷ್ಟೇ.

ನಷ್ಟ

ಇದರಲ್ಲಿ ಒಂದೇ ತಿರುವು ಬರೆದುಕೊಂಡಿದ್ದೇನೆ. ಆರ್‌ಎಚ್ ನೆಗೆಟಿವ್ (ರಕ್ತದ ಗುಂಪಿನ ಹೆಸರಿನ ಕೊನೆಗೆ ನೆಗೆಟಿವ್ ಇರುವ) ಹುಡುಗಿಗೆ ಪಾಸಿಟಿವ್ ರಕ್ತ ಕೊಟ್ಟರೆ ಆಗ ಏನೂ ಕಾಣದೇ ಇರಬಹುದು. ಆದರೆ ಅವಳಲ್ಲಿ ಪ್ರತಿಕಾಯ ಹುಟ್ಟಿಕೊಂಡರೆ ವರ್ಷಗಳ ನಂತರ ಗರ್ಭದಲ್ಲಿರುವ ಮಗುವಿಗೆ ತೊಂದರೆ ಆಗಬಹುದು. ದಾವೆ ಹೂಡುವ ಕಾಲಮಿತಿ ರಕ್ತ ಏರಿಸಿದ ದಿನದಿಂದಲೋ, ಗೊತ್ತಾದ ದಿನದಿಂದಲೋ? ಇದು ದೇಶದಿಂದ ದೇಶಕ್ಕೆ ಬೇರೆ. ಉತ್ತರದಲ್ಲಿ ಎರಡೂ ದಿನಾಂಕ ಬರೆಯಿರಿ.