ತಬಾಟಾ 4 ನಿಮಿಷ: ಗರಿಷ್ಠದ ಮೇಲೆ ಇನ್ನೂ 70% ಎಲ್ಲಿಂದ ಬರುತ್ತದೆ?

ಮಳೆ ಹಿಡಿದರೆ ಧಾರವಾಡದಲ್ಲಿ ಮೈದಾನವೆಲ್ಲ ಕೆಸರು. ಸಪ್ತಾಪುರದ ರೂಮಿನಲ್ಲೇ ಫಿಸಿಕಲ್‌ಗೆ (ದೈಹಿಕ ಪರೀಕ್ಷೆಗೆ) ತಯಾರಿ ಮಾಡುವವರಿಗೆ ಈ ಟಿಪ್ಪಣಿ.

ತಬಾಟಾ ಅಂದರೆ 4 ನಿಮಿಷದ ಒಂದು ವ್ಯಾಯಾಮ ಪದ್ಧತಿ, ಲೆಕ್ಕ ಇಷ್ಟೇ. 20 ಸೆಕೆಂಡು ಜೋರು, 10 ಸೆಕೆಂಡು ಬಿಡುವು, 8 ಸುತ್ತು. ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇದಕ್ಕೆ ಈ ಹೆಸರು ಬಂತು. ಅಲ್ಲಿ ಮಾಡಿಸಿದ್ದು ಬಸ್ಕಿಯಲ್ಲ, ಮುಂದೆ ಹೋಗದೆ ಒಂದೇ ಕಡೆ ಇರುವ ವ್ಯಾಯಾಮದ ಸೈಕಲ್.

ಆ ಅಧ್ಯಯನದಲ್ಲಿ ನನ್ನ ತಲೆ ತಿಂದದ್ದು ಒಂದೇ ಸಾಲು. ತುಳಿತದ ತೀವ್ರತೆ ಗರಿಷ್ಠ ಆಮ್ಲಜನಕ ಬಳಕೆಯ ಸುಮಾರು 170% ಇತ್ತಂತೆ. ಗರಿಷ್ಠ ಅಂದಮೇಲೆ 100ಕ್ಕೇ ಮುಗೀಬೇಕು, ಅಲ್ವಾ?

ಹೀಗೆ ನೋಡಿ. ಒಬ್ಬರು 200 ವ್ಯಾಟ್ ಕೆಲಸಕ್ಕೆ ಬಂದಾಗ ಅವರ ದೇಹ ಆಮ್ಲಜನಕ ಬಳಸುವ ಮಿತಿ ಮುಟ್ಟಿತು ಅಂದುಕೊಳ್ಳೋಣ. ಅದು 100. ಅವರೇ 340 ವ್ಯಾಟ್ ತುಳಿದರೆ ಸುಮಾರು 170. ಅಂದರೆ ಶೇಕಡಾ ಏರಿದ್ದು ಕೆಲಸದ್ದು, ಉಸಿರಿನದ್ದಲ್ಲ. ಆಮ್ಲಜನಕ ಇನ್ನು ಹೆಚ್ಚು ಸಿಗುವುದಿಲ್ಲ, ಆದರೂ ಕಾಲು ತಿರುಗುತ್ತದೆ, ಯಾಕಂದರೆ ಸ್ನಾಯು ತನ್ನಲ್ಲಿರುವ ಕ್ರಿಯಾಟಿನ್ ಫಾಸ್ಫೇಟ್ (ತಕ್ಷಣ ಶಕ್ತಿ ಕೊಡುವ ದಾಸ್ತಾನು) ಖರ್ಚು ಮಾಡುತ್ತದೆ, ಗ್ಲೈಕೋಜನ್ನನ್ನು (ಕೂಡಿಟ್ಟ ಸಕ್ಕರೆಯನ್ನು) ಆಮ್ಲಜನಕವಿಲ್ಲದೆ ಒಡೆಯುತ್ತದೆ. ಇದು ಕಿರಾಣಿ ಅಂಗಡಿಯ ಉದ್ರಿ. 10 ಸೆಕೆಂಡಿನಲ್ಲಿ ಚೂರು ತೀರುತ್ತದೆ, ಪೂರ್ತಿ ತೀರುವುದಿಲ್ಲ, ಅಷ್ಟರಲ್ಲೇ ಮುಂದಿನ ಸುತ್ತು. ಅದಕ್ಕೇ ಏಳು ಎಂಟನೇ ಸುತ್ತಿಗೆ ಕಾಲು ಕೇಳುವುದಿಲ್ಲ.

ಬಿಡುವು ಜಾಸ್ತಿ ಮಾಡಿದರೆ? 1997ರಲ್ಲಿ ಅವರೇ 30 ಸೆಕೆಂಡು ಕೆಲಸ, 2 ನಿಮಿಷ ಬಿಡುವು ಇಟ್ಟು ಹೋಲಿಸಿದರು. ತೀವ್ರತೆ ಇನ್ನೂ ಹೆಚ್ಚಿತ್ತು, ಆದರೂ ಆಮ್ಲಜನಕ ಬಳಕೆ ಮಿತಿಯನ್ನು ಮುಟ್ಟಲಿಲ್ಲ. ನನಗೆ ಇಡೀ ಪದ್ಧತಿಯ ಜೀವ ಆ 10 ಸೆಕೆಂಡಿನಲ್ಲೇ ಕಾಣುತ್ತದೆ.

ರೂಮಿನಲ್ಲಿ ವ್ಯಾಟ್ ಅಳೆಯಲು ಆಗುವುದಿಲ್ಲ. ಮಾತಾಡಿ ನೋಡಿ: ಎರಡು ಮೂರು ಪದಕ್ಕೇ ಉಸಿರು ಬೇಕಾದರೆ ಜೋರು ಸಾಕಷ್ಟಿದೆ. ಎಂಟನೇ ಸುತ್ತಿನಲ್ಲೂ ಆರಾಮಾಗಿ ಹರಟಿದರೆ ಅದು ಸುಮ್ನೆ ಸಾದಾ ವ್ಯಾಯಾಮ. ಅದೂ ಒಳ್ಳೆಯದೇ, ತಬಾಟಾ ಅಲ್ಲ ಅಷ್ಟೇ.

ಮೇಲಿನ ಮಹಡಿಯಲ್ಲಿ ಜಿಗಿದರೆ ಕೆಳಗಿನ ಓನರ್ ಕಾಕಾ ಬಾಗಿಲು ಬಡಿಯುತ್ತಾರೆ. ಮೌಂಟನ್ ಕ್ಲೈಂಬರ್ ಮಾಡಿ. ದಂಡ ಹೊಡೆಯುವ ಭಂಗಿಯಲ್ಲಿ ಅಂಗೈ ನೆಲದ ಮೇಲೆ ಭುಜದ ನೇರಕ್ಕೆ, ಒಂದಾದ ಮೇಲೊಂದು ಮೊಣಕಾಲು ಎದೆಯ ಕಡೆ, ಕಾಲ್ಬೆರಳ ತುದಿ ಸದ್ದಿಲ್ಲದೆ ನೆಲಕ್ಕೆ. ದಣಿದಾಗ ಸೊಂಟ ಮೇಲೇಳುತ್ತದೆ, ಅಲ್ಲಿ ವೇಗ ಕಡಿಮೆ ಮಾಡಿ, ಸೊಂಟ ಇಳಿಸಿ.

ಮೊದಲು 5 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಆ ಅಧ್ಯಯನದಲ್ಲಿ ಇದ್ದವರು ದೈಹಿಕ ಶಿಕ್ಷಣ ಓದುವ ಹುಡುಗರು. ಹೊಸಬರಿಗೆ ವಾರಕ್ಕೆ 2 ದಿನ, ನಡುವೆ ಬಿಡುವು, ಸಾಕು. ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.