‘ಆ ಹಣ ಎಲ್ಲಿ ಹೋಯಿತು?’ ಎಂದು ಜೂನ್‌ನಲ್ಲಿ ಕೇಳುವವರಿಗೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳ ಆಯವ್ಯಯ ಸಿದ್ಧಪಡಿಸುವ ಕೆಲಸದಲ್ಲಿರುವ ನನಗೆ ಪ್ರತಿ ಜೂನ್‌ನಲ್ಲಿಯೂ ಒಂದೇ ಪ್ರಶ್ನೆ ಎದುರಾಗುತ್ತದೆ. ಹೈಸ್ಕೂಲಿನಲ್ಲಿ ಓದುತ್ತಿರುವಾಗಲೇ ತಾಯಿಯಾದ ಹುಡುಗಿಯೊಬ್ಬಳ ಮನೆಯವರು ಶಾಲಾ ಮಂಡಳಿಯ ಸಭೆಗೆ ಬಂದು, ಶಾಲೆಯ ಶಿಶುಪಾಲನಾ ಕೇಂದ್ರಕ್ಕೆಂದು ರಾಜ್ಯ ಕೊಡುತ್ತಿದ್ದ ಹಣ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಯೋಜನೆಯೇ ನಿಂತಿರುವುದರಿಂದ ಹಣವಿಲ್ಲ ಎಂದು ಮಂಡಳಿಯವರು ಹೇಳುತ್ತಾರೆ. ಕೇಳಿದವರು ಹಣವನ್ನು ಯಾರೋ ಮುಚ್ಚಿಟ್ಟಿದ್ದಾರೆಂದು ತಿಳಿದು, ಹೇಳಿದವರು ತಮ್ಮ ಕೈ ಕಟ್ಟಿದೆಯೆಂದು ನಂಬಿ, ಇಬ್ಬರೂ ಮನೆಗೆ ಹೋಗುತ್ತಾರೆ. ಎರಡೂ ತಪ್ಪು ತಿಳಿವಳಿಕೆ, ಮತ್ತು ಇದನ್ನು ಎಷ್ಟು ಸಲ ವಿವರಿಸಿದರೂ ಮರುವರ್ಷ ಅದೇ ಮಾತು ಮರಳುವುದು ನನಗೆ ನಿಜಕ್ಕೂ ಬೇಸರ ತರಿಸಿದೆ.

1998ರ ಕಾನೂನಿನಿಂದ ಹುಟ್ಟಿ 2000ದಲ್ಲಿ ಜಾರಿಗೆ ಬಂದ ‘ಕ್ಯಾಲ್-ಸೇಫ್’ ಯೋಜನೆಯಲ್ಲಿ ವಿದ್ಯಾರ್ಥಿನಿಯ ಓದಿಗೂ ಅವಳ ಕೂಸಿನ ಪಾಲನೆಗೂ ಪ್ರತ್ಯೇಕ ಲೆಕ್ಕ ಶೀರ್ಷಿಕೆಯಡಿ ಹಣ ಬರುತ್ತಿತ್ತು. 2009ರ ಆರ್ಥಿಕ ಬಿಕ್ಕಟ್ಟಿನಲ್ಲಿ, ಈ ಹಣವೂ ಸೇರಿದಂತೆ ಹಲವು ಬಾಬ್ತುಗಳ ಹಣವನ್ನು ಶಿಕ್ಷಣದ ಯಾವ ಉದ್ದೇಶಕ್ಕಾದರೂ ಬಳಸಬಹುದೆಂದು ರಾಜ್ಯವು ಶಾಲಾ ಜಿಲ್ಲೆಗಳಿಗೆ, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳಿಗೆ, ಅನುಮತಿ ನೀಡಿತು. 2013ರಲ್ಲಿ ಶಾಲೆಗಳಿಗೆ ಹಣ ಹಂಚುವ ಹೊಸ ಸೂತ್ರವಾದ ‘ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ’ ಬಂದಾಗ ಆ ಶೀರ್ಷಿಕೆಯೇ ಅಳಿದು, ಅದರ ಹಣ ಸಾಮಾನ್ಯ ಅನುದಾನದೊಳಗೆ ಬೆರೆತುಹೋಯಿತು. ಊರಿನ ಗ್ರಾಮ ಪಂಚಾಯಿತಿಯ ಲೆಕ್ಕ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಕುಡಿಯುವ ನೀರಿಗೆಂದೇ ಬರುವ ನಿರ್ಬಂಧಿತ ಅನುದಾನ ಬೇರೆ, ಪಂಚಾಯಿತಿಯೇ ತೀರ್ಮಾನಿಸಿ ಖರ್ಚು ಮಾಡುವ ಅನಿರ್ಬಂಧಿತ ಅನುದಾನ ಬೇರೆ. ಕೂಸಿನ ಹಣ ಮೊದಲನೆಯ ಗುಂಪಿನಿಂದ ಎರಡನೆಯದಕ್ಕೆ ಸರಿಯಿತು. ಅದನ್ನು ಖರ್ಚು ಮಾಡಲೇಬೇಕೆಂಬ ಕಡ್ಡಾಯವೂ ಇಲ್ಲ, ಮಾಡಬಾರದೆಂಬ ನಿಷೇಧವೂ ಇಲ್ಲ.

ಹಾಗಾದರೆ ಕಾನೂನು ಏನನ್ನೂ ಕೊಡುವುದಿಲ್ಲವೇ ಎಂದರೆ, ಕೊಡುತ್ತದೆ, ಆದರೆ ಶಿಶುಪಾಲನೆಯನ್ನಲ್ಲ. ಗರ್ಭಿಣಿ ಅಥವಾ ತಾಯಿ ಎಂಬ ಕಾರಣಕ್ಕೆ ಹುಡುಗಿಯನ್ನು ಶಾಲೆಯಿಂದ ದೂರವಿಡಬಾರದೆಂದು ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಕೇಂದ್ರ ಕಾನೂನು ‘ಟೈಟಲ್ ನೈನ್’ ಹೇಳುತ್ತದೆ. ಎದೆಹಾಲು ತೆಗೆದಿಡಲು ಮರೆಯಾದ ಸ್ಥಳ, ಎಂಟು ವಾರಗಳ ರಜೆ, ಕೂಸಿಗೆ ಹುಷಾರಿಲ್ಲದಾಗ ವೈದ್ಯರ ಚೀಟಿಯಿಲ್ಲದೆ ಗೈರುಹಾಜರಾಗುವ ಅವಕಾಶ, ಇವೆಲ್ಲ ರಾಜ್ಯದ ಕಾನೂನಿನಲ್ಲಿವೆ. ಅವಳು ತರಗತಿಯಲ್ಲಿರುವಾಗ ಕೂಸನ್ನು ಯಾರು ನೋಡಿಕೊಳ್ಳಬೇಕೆಂಬುದು ಮಾತ್ರ ಇವುಗಳಲ್ಲಿ ಇಲ್ಲ.

ಇನ್ನು ಮಂಡಳಿಯ ಸದಸ್ಯರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತಿಗೆ ಬರುತ್ತೇನೆ. ಕ್ಯಾಲಿಫೋರ್ನಿಯಾ ಶಾಲೆಗಳಿಗೆ ಹಣ ಕೊಡುವುದು ದಾಖಲಾತಿಯ ಮೇಲಲ್ಲ, ಸರಾಸರಿ ದೈನಂದಿನ ಹಾಜರಾತಿಯ ಮೇಲೆ. 180 ದಿನಗಳ ಶಾಲಾ ವರ್ಷದಲ್ಲಿ ಹುಡುಗಿಯೊಬ್ಬಳು 100 ದಿನ ಮಾತ್ರ ಬಂದರೆ ಲೆಕ್ಕದಲ್ಲಿ ಅವಳು ಸುಮಾರು 0.56 ವಿದ್ಯಾರ್ಥಿ. ಕೂಸಿನ ಜ್ವರಕ್ಕಾಗಿ ಪಡೆದ ಗೈರುಹಾಜರಿಯನ್ನು ಕಾನೂನು ಮನ್ನಿಸುತ್ತದೆ, ಆದ್ದರಿಂದ ಅವಳಿಗೆ ಶಿಕ್ಷೆಯಿಲ್ಲ. ಆದರೆ ಆ ದಿನ ಹಾಜರಾತಿಗೆ ಸೇರುವುದಿಲ್ಲ, ಆದ್ದರಿಂದ ಶಾಲೆಗೆ ಹಣವಿಲ್ಲ. ಮನ್ನಿಸಿದ ಗೈರುಹಾಜರಿಯೂ ಹಣ ತರುತ್ತದೆಂದು ನಂಬಿರುವ ಸದಸ್ಯರನ್ನು ನಾನು ಇಂದಿಗೂ ಕಾಣುತ್ತಿದ್ದೇನೆ. ಅವಳು ಓದನ್ನೇ ಬಿಟ್ಟರೆ ಉಳಿಯುವುದು ಸೊನ್ನೆ. ಹಿಂದಿನ ಮೂರು ವರ್ಷಗಳ ಸರಾಸರಿಯನ್ನೂ ಪರಿಗಣಿಸುವ ಈಗಿನ ನಿಯಮದಿಂದಾಗಿ ನಷ್ಟ ಒಮ್ಮೆಲೇ ಕಾಣದೇ ಇರಬಹುದು, ಆದರೆ ಅದು ಬಂದೇ ಬರುತ್ತದೆ.

ಹಾಜರಾತಿಯಿಂದ ಉಳಿಯುವ ಹಣವೇ ಕೇಂದ್ರವನ್ನು ನಡೆಸಿಬಿಡುತ್ತದೆ ಎಂದು ನಾನು ಹೇಳಲಾರೆ. ರಾಜ್ಯದ ಗುತ್ತಿಗೆಯಡಿ ನಡೆಯುವ ಕೇಂದ್ರಗಳಲ್ಲಿ ಒಂದೂವರೆ ವರ್ಷದೊಳಗಿನ ಮೂರು ಕೂಸುಗಳಿಗೆ ಒಬ್ಬ ವಯಸ್ಕರಿರಬೇಕು, ಹೀಗಾಗಿ ಸಂಬಳದ ವೆಚ್ಚವೇ ದೊಡ್ಡದಾಗುತ್ತದೆ. ಆದರೆ ವೆಚ್ಚವನ್ನು ಬರೆದು ನಷ್ಟವನ್ನು ಬರೆಯದ ಲೆಕ್ಕ ಅರ್ಧ ಲೆಕ್ಕ. ನಾನು ಕೆಲಸ ಮಾಡಿದ ಒಂದು ಜಿಲ್ಲೆಯಲ್ಲಿ ಅಂಥ ಅರ್ಧ ಲೆಕ್ಕವನ್ನು ನೆಚ್ಚಿಯೇ ಕೂಸುಗಳ ಕೋಣೆಗೆ ಬೀಗ ಹಾಕಿದರು. ಅಲ್ಲಿನ ಜೂನ್ ಸಭೆಗೆ ಅಜ್ಜಿಯೊಬ್ಬರು ಮರಿಮಗುವನ್ನು ಸೊಂಟದಲ್ಲಿ ಹೊತ್ತು ಬಂದಿದ್ದರು. ಮೊಮ್ಮಗಳಿಗೆ ಪರೀಕ್ಷೆ, ತಮಗೆ ರಾತ್ರಿ ಪಾಳಿಯ ಕೆಲಸ. ಅವರಿಗೆ ಮಾತಾಡಲು ಸಿಕ್ಕಿದ್ದು ಮೂರೇ ನಿಮಿಷ, ಮತ್ತು ಆ ಹೊತ್ತಿಗೆ ಆಯವ್ಯಯದ ಪ್ರತಿಗಳು ಮುದ್ರಣವಾಗಿ ಮೇಜಿನ ಮೇಲಿದ್ದವು.

ಶಾಲಾ ಜಿಲ್ಲೆ ತನ್ನ ಗುರಿಗಳನ್ನೂ ಅವುಗಳ ಖರ್ಚನ್ನೂ ಬರೆದಿಡುವ ಸ್ಥಳೀಯ ಹೊಣೆಗಾರಿಕೆ ಯೋಜನೆ, ಅಂದರೆ ‘ಎಲ್‌ಕ್ಯಾಪ್’, ಪ್ರತಿ ವರ್ಷ ಜುಲೈ 1ರೊಳಗೆ ಅಂಗೀಕಾರವಾಗಬೇಕು. ಕರಡಿನ ನಿಜವಾದ ಚರ್ಚೆ ನಾನು ಕಂಡಂತೆ ಫೆಬ್ರವರಿ, ಮಾರ್ಚ್‌ಗಳಲ್ಲೇ ನಡೆಯುತ್ತದೆ. ಹೋಗಬೇಕಾದದ್ದು ಆಗ, ಮತ್ತು ‘ಆ ಹಣ ಎಲ್ಲಿ’ ಎಂದಲ್ಲ, ‘ಈ ಯೋಜನೆಯಲ್ಲಿ ಇದಕ್ಕೊಂದು ಸಾಲು ಬರೆಯಿರಿ’ ಎಂದು ಕೇಳಬೇಕು. ವಿದ್ಯಾರ್ಥಿ ತಾಯಂದಿರಿಗೆ 2013ರ ಹಣ ಹಂಚಿಕೆಯ ಸೂತ್ರದಲ್ಲಿ ಪ್ರತ್ಯೇಕ ಗುಂಪಿಲ್ಲ. ಆದರೆ ನಾನು ನೋಡಿದವರಲ್ಲಿ ಹೆಚ್ಚಿನವರು ಕಡಿಮೆ ಆದಾಯದ ಮನೆಯವರು, ಮತ್ತು ಅಂಥ ಮಕ್ಕಳ ಲೆಕ್ಕದಲ್ಲಿ ಜಿಲ್ಲೆಗೆ ಮೂಲ ಅನುದಾನದ ಮೇಲೆ ಶೇ. 20ರಷ್ಟು ಪೂರಕ ಅನುದಾನ ಸಿಗುತ್ತದೆ. ಅದನ್ನು ಶಿಶುಪಾಲನೆಗೆ ಬಳಸುವುದನ್ನು ಸಮರ್ಥಿಸಲು ಸಾಧ್ಯವಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಪ್ರತಿ ಜಿಲ್ಲೆಯ ಸಂದರ್ಭ ಬೇರೆ, ಈ ಯೋಜನೆಗಳನ್ನು ಪರಿಶೀಲಿಸುವ ಕೌಂಟಿ ಶಿಕ್ಷಣ ಕಚೇರಿಯನ್ನು ವಿಚಾರಿಸದೆ ಮುಂದುವರಿಯಬಾರದು.

ಆ ಅಜ್ಜಿ ಮರುವರ್ಷ ಫೆಬ್ರವರಿಯಲ್ಲಿ ಮೊಮ್ಮಗಳ ಹಾಜರಾತಿ ಪಟ್ಟಿಯ ಪ್ರತಿಯನ್ನು ಹಿಡಿದು ಬಂದರು. ಕೂಸಿನ ಕಾರಣಕ್ಕೆ ತಪ್ಪಿದ ದಿನಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿಸಿದ್ದರು. ಬೀಗ ಹಾಕಿದ ಕೋಣೆ ಮತ್ತೆ ತೆರೆಯಲಿಲ್ಲ. ಆದರೆ ಶಾಲೆಯ ಹತ್ತಿರವೇ ಪರವಾನಗಿ ಪಡೆದು ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಮೂರು ಕೂಸುಗಳ ಪಾಲನೆಯ ವೆಚ್ಚ ಆ ವರ್ಷದ ಯೋಜನೆಯಲ್ಲಿ ಒಂದು ಸಾಲಾಗಿ ಸೇರಿತು.