ಜೇ ಒಪ್ಪಂದವನ್ನು ನಡುವೆ ಇಟ್ಟು ಓದಿ: ಅಮೆರಿಕದ ಮೊದಲ ಪಕ್ಷಗಳು ಮತ್ತು ವಿದೇಶಾಂಗ ನೀತಿ

ಅಮೆರಿಕ ಗಣರಾಜ್ಯದ ಮೊದಲ 25 ವರ್ಷ ಓದುವಾಗ ನನಗೆ ಆದ ತೊಂದರೆ ನಿಮಗೂ ಆಗಿರಬಹುದು. ಪಕ್ಷಗಳ ಕಥೆ ಒಂದು ಅಧ್ಯಾಯ, ವಿದೇಶಾಂಗ ನೀತಿ ಇನ್ನೊಂದು ಅಧ್ಯಾಯ. ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡಿದೆ. ಎರಡೂ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಒಂದು ದಿನ ಎರಡೂ ಅಧ್ಯಾಯದ ಇಸವಿಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದೆ. ಆಗ ಗೊತ್ತಾಯಿತು, ಇವು ಎರಡು ಕಥೆಗಳೇ ಅಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ಹೊಡೆದಾಡುವಾಗ ಅಮೆರಿಕ ಯಾವ ಕಡೆ ವಾಲಬೇಕು? ಈ ಪ್ರಶ್ನೆಯೇ ಅಲ್ಲಿನ ಪಕ್ಷಗಳನ್ನು ಗಟ್ಟಿ ಮಾಡಿತು. ಅದರ ನಟ್ಟನಡುವೆ ಇರುವುದು 1794ರಲ್ಲಿ ಅಮೆರಿಕ ಬ್ರಿಟನ್ ಜೊತೆ ಮಾಡಿಕೊಂಡ ಜೇ ಒಪ್ಪಂದ.

ಮೊದಲು ದುಡ್ಡಿನ ವಿಷಯ ನೋಡೋಣ. ಹೊಸ ಸರ್ಕಾರದ ಆದಾಯದ ಬಹುಪಾಲು ಬರುತ್ತಿದ್ದದ್ದು ಆಮದು ಸುಂಕದಿಂದ. ಆಮದಿನ ಬಹುಪಾಲು ಬರುತ್ತಿದ್ದದ್ದು ಬ್ರಿಟನ್ನಿನಿಂದ. ದೇಶದ ಸಾಲ ತೀರಿಸುವ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್‌ನ ಯೋಜನೆಯೆಲ್ಲ ನಿಂತಿದ್ದದ್ದು ಈ ಸುಂಕದ ಮೇಲೆ. ಬ್ರಿಟನ್ ಜೊತೆ ಯುದ್ಧ ಅಂದರೆ ಖಜಾನೆ ಖಾಲಿ. ಅವನು ಬ್ರಿಟನ್ ಕಡೆ ವಾಲಿದ್ದು ಸುಮ್ನೆ ಅಭಿಮಾನದಿಂದ ಅಲ್ಲ. ವಿದೇಶಾಂಗ ಕಾರ್ಯದರ್ಶಿ ಜೆಫರ್ಸನ್ ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದವನು. 1789ರಲ್ಲಿ ಕ್ರಾಂತಿ ಶುರುವಾದದ್ದನ್ನು ಕಣ್ಣಾರೆ ಕಂಡವನು. ಫ್ರಾನ್ಸ್ ಸೋತರೆ ಜನರ ಆಳ್ವಿಕೆ ಅನ್ನುವ ಆಸೆಯೇ ಸೋಲುತ್ತದೆ ಎಂದು ಅವನು ನಂಬಿದ್ದ. ಜೊತೆಗೆ 1778ರ ಮೈತ್ರಿ ಒಪ್ಪಂದ ಬೇರೆ ಇತ್ತು. ಸ್ವಾತಂತ್ರ್ಯ ಯುದ್ಧದಲ್ಲಿ ಕೈ ಹಿಡಿದ ದೇಶ ಫ್ರಾನ್ಸ್. ಹ್ಯಾಮಿಲ್ಟನ್ ಕಡೆಯವರೇ ಫೆಡರಲಿಸ್ಟರು, ಜೆಫರ್ಸನ್ ಕಡೆಯವರೇ ರಿಪಬ್ಲಿಕನ್ನರು (ಇಂದಿನ ರಿಪಬ್ಲಿಕನ್ ಪಕ್ಷ ಬೇರೆ).

1793ರ ಫೆಬ್ರವರಿಯಲ್ಲಿ ಫ್ರಾನ್ಸ್ ಬ್ರಿಟನ್ ಮೇಲೆ ಯುದ್ಧ ಸಾರಿತು. ಏಪ್ರಿಲ್ 22ಕ್ಕೆ ಅಧ್ಯಕ್ಷ ವಾಷಿಂಗ್ಟನ್ ತಟಸ್ಥ ಘೋಷಣೆ ಹೊರಡಿಸಿದ. ಇಲ್ಲೊಂದು ಸಣ್ಣ ವಿಷಯ ನೆನಪಿಡಿ. ಎಲ್ಲರೂ ಅದನ್ನು ತಟಸ್ಥ ಘೋಷಣೆ ಅಂತಲೇ ಕರೆಯುತ್ತಾರೆ, ಆದರೆ ‘ತಟಸ್ಥ’ ಎಂಬ ಪದ ಅದರಲ್ಲಿಲ್ಲ. ಇದರ ಮೇಲೆ ಪತ್ರಿಕೆಯಲ್ಲಿ ದೊಡ್ಡ ವಾದವೇ ನಡೆಯಿತು. ‘ಪೆಸಿಫಿಕಸ್’ ಎಂಬ ಹೆಸರಲ್ಲಿ ಹ್ಯಾಮಿಲ್ಟನ್, ‘ಹೆಲ್ವಿಡಿಯಸ್’ ಎಂಬ ಹೆಸರಲ್ಲಿ ಜೆಫರ್ಸನ್ ಕಡೆಯ ಮ್ಯಾಡಿಸನ್. ಯುದ್ಧ ಸಾರುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದ್ದಾದರೆ, ಯುದ್ಧ ಬೇಡ ಅನ್ನುವ ಅಧಿಕಾರ ಅಧ್ಯಕ್ಷ ಒಬ್ಬನಿಗೇ ಇದೆಯೇ? ಐದು ವರ್ಷದ ಹಿಂದೆ ಇದೇ ಇಬ್ಬರು ಸೇರಿ ಸಂವಿಧಾನದ ಪರವಾಗಿ ಲೇಖನ ಬರೆದಿದ್ದರು. ಅವರು ಎಷ್ಟು ದೂರ ಸರಿದಿದ್ದರು ನೋಡಿ.

ಫ್ರಾನ್ಸಿನ ರಾಯಭಾರಿ ಜೆನೆ ಬಂದು ಅಮೆರಿಕದ ಬಂದರುಗಳಿಂದಲೇ ಬ್ರಿಟಿಷ್ ಹಡಗು ಹಿಡಿಯಲು ಖಾಸಗಿ ಹಡಗುಗಳನ್ನು ಹೊರಡಿಸಿದ. ಕೊನೆಗೆ ಜೆಫರ್ಸನ್‌ಗೂ ಅವನನ್ನು ಸಮರ್ಥಿಸಲು ಆಗಲಿಲ್ಲ. ಈ ಭಾಗಕ್ಕೆ ಎರಡು ಸಾಲು ಸಾಕು.

ಜಾಸ್ತಿ ಸಮಯ ಕೊಡಬೇಕಾದ್ದು ಜೇ ಒಪ್ಪಂದಕ್ಕೆ.

1793ರ ಕೊನೆಯಿಂದ ಬ್ರಿಟಿಷ್ ನೌಕಾಪಡೆ ವೆಸ್ಟ್ ಇಂಡೀಸ್ ಸಮುದ್ರದಲ್ಲಿ ಸುಮಾರು 250 ಅಮೆರಿಕನ್ ಹಡಗುಗಳನ್ನು ಹಿಡಿಯಿತು. ನಾವಿಕರನ್ನು ಬಲವಂತವಾಗಿ ಎಳೆದೊಯ್ದು ತನ್ನ ಹಡಗಿನಲ್ಲಿ ದುಡಿಸಿಕೊಂಡಿತು. ಸ್ವಾತಂತ್ರ್ಯ ಸಿಕ್ಕಿ ಹತ್ತು ವರ್ಷವಾದರೂ ಬ್ರಿಟನ್ ಅಮೆರಿಕದ ವಾಯವ್ಯ ಗಡಿಯ ಕೋಟೆಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಯುದ್ಧ ತಪ್ಪಿಸಲು ವಾಷಿಂಗ್ಟನ್ ಮುಖ್ಯ ನ್ಯಾಯಮೂರ್ತಿ ಜಾನ್ ಜೇಯನ್ನು ಲಂಡನ್ನಿಗೆ ಕಳಿಸಿದ. ಜೇ ಕೈಯಲ್ಲಿ ಒಂದು ದಾಳವಿತ್ತು. ಸ್ವೀಡನ್, ಡೆನ್ಮಾರ್ಕ್ ಜೊತೆ ಸೇರಿ ತಟಸ್ಥ ದೇಶಗಳ ಕೂಟ ಕಟ್ಟುತ್ತೇವೆ ಎಂದು ಹೆದರಿಸಬಹುದಿತ್ತು. ಆದರೆ ಅಮೆರಿಕ ಆ ಕೂಟ ಸೇರುವುದಿಲ್ಲ ಎಂದು ಹ್ಯಾಮಿಲ್ಟನ್ ಬ್ರಿಟಿಷ್ ರಾಯಭಾರಿಗೆ ಮೊದಲೇ ಹೇಳಿಬಿಟ್ಟಿದ್ದ. ನನಗೆ ಇದು ಈಗಲೂ ಒಪ್ಪಿಗೆಯಾಗದ ಕೆಲಸ. ತನ್ನ ದೇಶದ ದೂತ ಚೌಕಾಸಿಗೆ ಕೂರುವಾಗ ಅವನ ಕೈ ಕಟ್ಟಿದ ಹಾಗಾಯಿತು, ಅಲ್ವಾ?

1794ರ ನವೆಂಬರ್ 19ಕ್ಕೆ ಸಹಿ ಬಿತ್ತು. ಸಿಕ್ಕಿದ್ದು: 1796ರ ಜೂನ್ ಒಳಗೆ ಕೋಟೆ ಖಾಲಿ ಮಾಡುವ ಮಾತು, ಹಿಡಿದ ಹಡಗುಗಳಿಗೆ ಪರಿಹಾರ ತೀರ್ಮಾನಿಸಲು ಆಯೋಗ. ಸಿಗದೆ ಹೋದದ್ದು: ನಾವಿಕರ ವಿಷಯದಲ್ಲಿ ಒಂದೇ ಒಂದು ಸಾಲೂ ಇರಲಿಲ್ಲ. ವೆಸ್ಟ್ ಇಂಡೀಸ್ ವ್ಯಾಪಾರಕ್ಕೆ 70 ಟನ್ನಿನ ಒಳಗಿನ ಸಣ್ಣ ಹಡಗುಗಳಿಗೆ ಮಾತ್ರ ಅನುಮತಿ. ಈ 12ನೇ ವಿಧಿಯನ್ನು ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಕೂಡ ಒಪ್ಪಲಿಲ್ಲ, ಬದಿಗಿಟ್ಟಿತು.

13ನೇ ವಿಧಿಯನ್ನು ನಮ್ಮವರು ಒಮ್ಮೆ ಓದಬೇಕು. ಭಾರತದಲ್ಲಿ ಬ್ರಿಟಿಷರ ಕೈಯಲ್ಲಿದ್ದ ಬಂದರುಗಳಲ್ಲಿ ಅಮೆರಿಕನ್ ಹಡಗುಗಳು ವ್ಯಾಪಾರ ಮಾಡಬಹುದು ಎಂದು ಅದು ಹೇಳುತ್ತದೆ. ಇಸವಿ ನೆನಪಿಡಲು ಇನ್ನೊಂದು ದಾರಿಯೂ ಇದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಕಾರ್ನ್‌ವಾಲಿಸ್‌ನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡವನು. ಅದಾಗಿ ಎರಡು ವರ್ಷಕ್ಕೆ ಜೇ ಒಪ್ಪಂದ.

ಸೆನೆಟ್ ಬಾಗಿಲು ಮುಚ್ಚಿಕೊಂಡು ಚರ್ಚಿಸಿತು. 1795ರ ಜೂನ್ 24ರಂದು 20 ಪರ, 10 ವಿರೋಧ. ಬೇಕಿದ್ದದ್ದು ಮೂರನೇ ಎರಡು ಪಾಲು, ಸಿಕ್ಕಿದ್ದು ಸರಿಯಾಗಿ ಅಷ್ಟೇ. ಒಬ್ಬ ಮತ ಬದಲಿಸಿದ್ದರೂ ಒಪ್ಪಂದ ಬಿದ್ದುಹೋಗುತ್ತಿತ್ತು. ವರ್ಜೀನಿಯಾದ ಸೆನೆಟರ್ ಮೇಸನ್ ಅದರ ಪ್ರತಿಯನ್ನು ಬಾಷ್ ಎಂಬ ಪತ್ರಕರ್ತನಿಗೆ ತಲುಪಿಸಿದ. ಅವನು ಬೆಂಜಮಿನ್ ಫ್ರಾಂಕ್ಲಿನ್ನನ ಮೊಮ್ಮಗ. ಅವನು ಅಚ್ಚು ಹಾಕಿ ಹಂಚಿದ ಮೇಲೆ ಊರೂರಲ್ಲಿ ಜೇ ಪ್ರತಿಕೃತಿ ಸುಟ್ಟರು. ನ್ಯೂಯಾರ್ಕಿನಲ್ಲಿ ಒಪ್ಪಂದದ ಪರ ಮಾತಾಡಲು ನಿಂತ ಹ್ಯಾಮಿಲ್ಟನ್ ಮೇಲೆ ಕಲ್ಲು ಬಿತ್ತು.

ವಾಷಿಂಗ್ಟನ್ ಸಹಿ ಹಾಕಿದ ಮೇಲೂ ಕಥೆ ಮುಗಿಯಲಿಲ್ಲ. ಒಪ್ಪಂದ ಜಾರಿಯಾಗಲು ಹಣ ಬೇಕು. ಹಣ ಮಂಜೂರು ಮಾಡುವುದು ಕೆಳಮನೆಯಾದ ಪ್ರತಿನಿಧಿ ಸಭೆ. ಅಲ್ಲಿ ಮ್ಯಾಡಿಸನ್ ಗುಂಪಿನ ಕೈ ಮೇಲಾಗಿತ್ತು. ಸಂಧಾನದ ಕಾಗದಪತ್ರ ತೋರಿಸಿ ಎಂದು ಸಭೆ ಕೇಳಿತು. ಒಪ್ಪಂದದಲ್ಲಿ ನಿಮಗೆ ಪಾಲಿಲ್ಲ ಎಂದು ವಾಷಿಂಗ್ಟನ್ ಕೊಡಲಿಲ್ಲ. ಇವತ್ತಿಗೂ ಅಮೆರಿಕದ ಅಧ್ಯಕ್ಷರು ಕಡತ ಕೊಡಲು ಒಪ್ಪದಿದ್ದಾಗ ಈ ಉದಾಹರಣೆ ಎತ್ತುತ್ತಾರೆ. ಸಭೆಯಲ್ಲಿ ಫಿಶರ್ ಏಮ್ಸ್ ಎಂಬ ಸದಸ್ಯ ಕಾಯಿಲೆಯಲ್ಲೇ ಎದ್ದು ಮಾತಾಡಿದ. ಒಪ್ಪಂದ ಮುರಿದರೆ ಗಡಿಯ ಊರುಗಳು ಹೊತ್ತಿ ಉರಿಯುತ್ತವೆ ಎಂದ. 1796ರ ಏಪ್ರಿಲ್ 30ಕ್ಕೆ ಮತ: 51–48. ಮೂರು ಮತದ ಅಂತರ. ಸದಸ್ಯರು ಪಕ್ಷದ ಗೆರೆಯ ಮೇಲೆ ಬೇರೆಯಾದದ್ದು ಇಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂದರೆ, ಫೆಡರಲಿಸ್ಟರು, ರಿಪಬ್ಲಿಕನ್ನರು ನಿಜವಾದ ಪಕ್ಷಗಳಾದದ್ದು ಯಾವಾಗ ಎಂದು ಕೇಳಿದರೆ ನಾನು ಈ ದಿನವನ್ನೇ ಹೇಳುತ್ತೇನೆ.

ಪರೀಕ್ಷೆಗೆ ಒಂದು ಎಚ್ಚರಿಕೆ. 1796ರ ಸೆಪ್ಟೆಂಬರ್ 19ರ ವಾಷಿಂಗ್ಟನ್ ವಿದಾಯ ಸಂದೇಶವನ್ನು ಅವನು ಭಾಷಣವಾಗಿ ಓದಲೇ ಇಲ್ಲ. ಅದು ಪತ್ರಿಕೆಯಲ್ಲಿ ಬಂದದ್ದು. ‘ಸಿಕ್ಕಿಹಾಕಿಸುವ ಮೈತ್ರಿಗಳು ಬೇಡ’ ಎಂಬ ಪ್ರಸಿದ್ಧ ಮಾತೂ ಅವನದ್ದಲ್ಲ. ಅದು 1801ರಲ್ಲಿ ಅಧಿಕಾರ ಹಿಡಿದಾಗ ಜೆಫರ್ಸನ್ ಆಡಿದ್ದು.

ಮುಂದಿನದ್ದೆಲ್ಲ ಇಲ್ಲಿಂದಲೇ ಹೊರಡುತ್ತದೆ. ಜೇ ಒಪ್ಪಂದದಿಂದ ಸಿಟ್ಟಾದ ಫ್ರಾನ್ಸ್ ಮುನ್ನೂರಕ್ಕೂ ಹೆಚ್ಚು ಅಮೆರಿಕನ್ ಹಡಗು ಹಿಡಿಯಿತು. ಮಾತಾಡಲು ಹೋದ ಮೂವರು ಅಮೆರಿಕನ್ ದೂತರಿಂದ ಫ್ರಾನ್ಸಿನ ವಿದೇಶಾಂಗ ಮಂತ್ರಿ ತಾಲೇರಾನ್‌ನ ಕಡೆಯವರು ಲಂಚ ಕೇಳಿದರು. ಅದೇ ಎಕ್ಸ್‌ವೈಜೆಡ್ ಪ್ರಕರಣ. ಫೆಡರಲಿಸ್ಟರು ಆ ಕೋಪದ ಅಲೆಯ ಮೇಲೆ 1798ರಲ್ಲಿ ಸೆಡಿಷನ್ ಕಾಯ್ದೆ ತಂದರು. ಸರ್ಕಾರವನ್ನು, ಕಾಂಗ್ರೆಸ್ಸನ್ನು, ಅಧ್ಯಕ್ಷನನ್ನು ಸುಳ್ಳು ಹೇಳಿ ಹೀಗಳೆದರೆ ಶಿಕ್ಷೆ. ಉಪಾಧ್ಯಕ್ಷನ ಹೆಸರು ಆ ಪಟ್ಟಿಯಲ್ಲಿಲ್ಲ. ಯಾಕೆಂದರೆ ಆಗ ಉಪಾಧ್ಯಕ್ಷ ಜೆಫರ್ಸನ್! ವರ್ಮಾಂಟ್‌ನ ಮ್ಯಾಥ್ಯೂ ಲಯನ್ ಎಂಬ ಸದಸ್ಯ ನಾಲ್ಕು ತಿಂಗಳು ಜೈಲಿಗೆ ಹೋದ, ಜೈಲಿನಿಂದಲೇ ಮತ್ತೆ ಗೆದ್ದ.

ವಾಷಿಂಗ್ಟನ್ ನಂತರ ಅಧ್ಯಕ್ಷನಾದ ಫೆಡರಲಿಸ್ಟ್ ಆಡಮ್ಸ್ ಮಾತ್ರ ತನ್ನ ಪಕ್ಷದವರ ಮಾತು ಕೇಳದೆ ಫ್ರಾನ್ಸಿಗೆ ಸಂಧಾನಕಾರರನ್ನು ಕಳಿಸಿದ. 1800ರ ಸೆಪ್ಟೆಂಬರ್‌ನಲ್ಲಿ ಶಾಂತಿಯಾಯಿತು, 1778ರ ಮೈತ್ರಿಯೂ ಮುಗಿಯಿತು. ಪಕ್ಷ ಒಡೆಯಿತು, ಆಡಮ್ಸ್ ಚುನಾವಣೆ ಸೋತ. ನನ್ನ ಮಟ್ಟಿಗೆ ಈ ಇಡೀ ಅವಧಿಯಲ್ಲಿ ಅತ್ಯಂತ ಧೈರ್ಯದ ನಿರ್ಧಾರ ಇದೇ.

ಜೆಫರ್ಸನ್ ಬಂದಮೇಲೂ ಸಮುದ್ರದ ಸಮಸ್ಯೆ ಬದಲಾಗಲಿಲ್ಲ. ಜೇ ಬಿಟ್ಟುಬಂದ ನಾವಿಕರ ಪ್ರಶ್ನೆ ಹಾಗೇ ಉಳಿದಿತ್ತು. 1807ರ ಡಿಸೆಂಬರ್‌ನಲ್ಲಿ ಅವನು ಅಮೆರಿಕನ್ ಹಡಗುಗಳು ವಿದೇಶಕ್ಕೆ ಹೊರಡುವುದನ್ನೇ ನಿಲ್ಲಿಸಿದ. ಒಂದೇ ವರ್ಷದಲ್ಲಿ ರಫ್ತು ಸುಮಾರು 10.8 ಕೋಟಿ ಡಾಲರಿನಿಂದ 2.2 ಕೋಟಿಗೆ ಇಳಿಯಿತು. ಪೆಟ್ಟು ಬಿದ್ದದ್ದು ಬ್ರಿಟನ್ನಿಗಿಂತ ಜಾಸ್ತಿ ಫೆಡರಲಿಸ್ಟರ ನೆಲೆಯಾದ ಈಶಾನ್ಯ ಅಮೆರಿಕದ ನ್ಯೂ ಇಂಗ್ಲೆಂಡಿನ ಬಂದರುಗಳಿಗೆ. 1812ರಲ್ಲಿ ಬ್ರಿಟನ್ ಮೇಲೆ ಯುದ್ಧ ಸಾರಿದಾಗ ಪ್ರತಿನಿಧಿ ಸಭೆಯ ಮತ 79–49, ಫೆಡರಲಿಸ್ಟ್ ಒಬ್ಬನೂ ಪರ ಹಾಕಲಿಲ್ಲ. 1814ರ ಡಿಸೆಂಬರ್‌ನಲ್ಲಿ ಅವರು ನ್ಯೂ ಇಂಗ್ಲೆಂಡಿನ ಹಾರ್ಟ್‌ಫರ್ಡ್‌ನಲ್ಲಿ ಸೇರಿ ತಮ್ಮ ದೂರುಗಳ ಪಟ್ಟಿ ಮಾಡಿದರು. ಅದನ್ನು ಹೊತ್ತವರು ರಾಜಧಾನಿ ವಾಷಿಂಗ್ಟನ್ ತಲುಪುವ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರನ್ನು ಗೆದ್ದ ಸುದ್ದಿ, ಶಾಂತಿ ಒಪ್ಪಂದದ ಸುದ್ದಿ ಎರಡೂ ಊರು ತುಂಬಿದ್ದವು. 1816ರ ನಂತರ ಫೆಡರಲಿಸ್ಟರು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆಯನ್ನೇ ಮಾಡಲಿಲ್ಲ.